ವಿಡಿಯೊ ಗೇಮ್ ಉದ್ಯಮದ ನೈತಿಕ ಪ್ರಶ್ನೆಗಳು

ವಿಡಿಯೊ ಗೇಮ್‌ಗಳನ್ನು ರೂಪಿಸುವ, ಮಾರುವ, ನಡೆಸುವ ಹಾಗೂ ಕೊನೆಗೊಂದು ದಿನ ನಿಲ್ಲಿಸುವ ಸಂಸ್ಥೆಗಳಿಗೆ ಆಟಗಾರರ ಬಗ್ಗೆ, ತಮ್ಮಲ್ಲಿ ದುಡಿಯುವವರ ಬಗ್ಗೆ ಮತ್ತು ಸಮಾಜದ ಬಗ್ಗೆ ಇರುವ ಹೊಣೆಯನ್ನು ಕುರಿತ ವಿಚಾರಗಳನ್ನು ಒಟ್ಟಾಗಿ ವಿಡಿಯೊ ಗೇಮ್ ಉದ್ಯಮದ ನೈತಿಕ ಪ್ರಶ್ನೆಗಳು ಎಂದು ಕರೆಯುತ್ತಾರೆ. 1970ರ ದಶಕದಿಂದ ಸುಮಾರು 2000ದವರೆಗೆ ಈ ಚರ್ಚೆ ಬಹುಮಟ್ಟಿಗೆ ತೆರೆಯ ಮೇಲೆ ಏನು ಕಾಣುತ್ತದೆ ಎಂಬುದಕ್ಕೆ, ಅಂದರೆ ಹಿಂಸೆ ಮತ್ತು ಲೈಂಗಿಕ ದೃಶ್ಯಗಳಿಗೆ, ಸೀಮಿತವಾಗಿತ್ತು. ಆ ಬಳಿಕ ಎರಡು ಹೊಸ ಪ್ರಶ್ನೆಗಳು ಮುಂದೆ ಬಂದವು. ಗೇಮ್ ತಯಾರಾಗುವ ಕಚೇರಿಯಲ್ಲಿ ಕೆಲಸಗಾರರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದು ಒಂದು. ಆಟಗಾರನಿಂದ ಹಣ ಹೊರಡಿಸಲು ಆಟವನ್ನೇ ಹೇಗೆ ಹೆಣೆಯುತ್ತಾರೆ ಎಂಬುದು ಇನ್ನೊಂದು. ಕಾನೂನು ಮಾತ್ರ ಬಹುಕಾಲ ಚಿತ್ರಣದ ಸುತ್ತಲೇ ನಿಂತಿತ್ತು. ಇಂದಿನ ಹಾನಿಯ ದೊಡ್ಡ ಪಾಲು ಬರುತ್ತಿರುವುದು ವ್ಯಾಪಾರದ ಕ್ರಮದಿಂದ ಎಂಬುದನ್ನು ಕಳೆದ ಒಂದು ದಶಕದ ಮೊಕದ್ದಮೆಗಳೂ ದಂಡಗಳೂ ತೋರಿಸುತ್ತವೆ.

ಪರಿಭಾಷೆ

ಗೇಮನ್ನು ಕಟ್ಟುವ ತಂಡಕ್ಕೆ ಡೆವಲಪರ್ ಅಥವಾ ಸ್ಟುಡಿಯೊ ಎಂದೂ, ಬಂಡವಾಳ ಹಾಕಿ ಪ್ರಚಾರ ಮಾಡಿ ಮಾರುವ ಸಂಸ್ಥೆಗೆ ಪಬ್ಲಿಷರ್ ಎಂದೂ ಹೆಸರು. ಆಡುವ ಯಂತ್ರ ಅಥವಾ ಆ್ಯಪ್ ಅಂಗಡಿ ಯಾರ ಕೈಯಲ್ಲಿದೆಯೋ ಅವರು ಪ್ಲಾಟ್‌ಫಾರ್ಮ್ ಸಂಸ್ಥೆಗಳು. ಸೋನಿ, ಮೈಕ್ರೊಸಾಫ್ಟ್, ನಿಂಟೆಂಡೊ, ಆ್ಯಪಲ್, ಗೂಗಲ್ ಮತ್ತು ಸ್ಟೀಮ್ ಅಂಗಡಿಯನ್ನು ನಡೆಸುವ ವಾಲ್ವ್ ಇವುಗಳಲ್ಲಿ ಮುಖ್ಯವಾದವು. ಒಳಗೇನಿದೆ ಎಂದು ಮೊದಲೇ ತಿಳಿಯದೆ ಹಣ ಕೊಟ್ಟು ತೆರೆಯುವ ಡಿಜಿಟಲ್ ಪೆಟ್ಟಿಗೆಯೇ ಲೂಟ್ ಬಾಕ್ಸ್. ಪೂರ್ವ ಏಷ್ಯಾದ ಗೇಮ್‌ಗಳಲ್ಲಿ ಇದೇ ಬಗೆಯ ಚೀಟಿ ಎತ್ತುವ ವ್ಯವಸ್ಥೆಗೆ ಗಾಚಾ ಎನ್ನುತ್ತಾರೆ. ಬಿಡುಗಡೆಯ ಗಡುವು ಹತ್ತಿರವಾದಂತೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುವ ಮಿತಿಮೀರಿದ ದುಡಿಮೆ ಕ್ರಂಚ್. ಬಳಕೆದಾರ ತನ್ನ ಹಿತಕ್ಕೆ ವಿರುದ್ಧವಾದದ್ದನ್ನು ಆರಿಸುವಂತೆ ಪರದೆಯನ್ನು ಜೋಡಿಸುವುದಕ್ಕೆ ಡಾರ್ಕ್ ಪ್ಯಾಟರ್ನ್ ಎಂಬ ಹೆಸರು 2010ರಿಂದ ಬಳಕೆಯಲ್ಲಿದೆ.

ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್‌ಗಳು ವಿಡಿಯೊ ಗೇಮ್‌ಗಳಿಗಿಂತ ಬೇರೆಯಾದ ವರ್ಗ. ಆದರೆ ಭಾರತದ ಕಾನೂನು ಎರಡನ್ನೂ ಆನ್‌ಲೈನ್ ಗೇಮ್ ಎಂಬ ಒಂದೇ ಹೆಸರಿನ ಅಡಿ ತರುವುದರಿಂದ ಇಲ್ಲಿಯ ಚರ್ಚೆಯಲ್ಲಿ ಅವು ಪದೇ ಪದೇ ಬೆರೆತುಹೋಗುತ್ತವೆ.

ಹಿನ್ನೆಲೆ

ಗೇಮೊಂದರ ವಿರುದ್ಧ ಎದ್ದ ಮೊದಲ ದೊಡ್ಡ ಸಾರ್ವಜನಿಕ ಆಕ್ಷೇಪ 1976ರದು. ಎಕ್ಸಿಡಿ ಕಂಪನಿಯ ‘ಡೆತ್ ರೇಸ್’ ಎಂಬ ಆರ್ಕೇಡ್ ಗೇಮ್‌ನಲ್ಲಿ ಮನುಷ್ಯಾಕೃತಿಯ ಜೀವಿಗಳ ಮೇಲೆ ಕಾರು ಹಾಯಿಸಿ ಅಂಕ ಗಳಿಸಬೇಕಿತ್ತು. ಚಿತ್ರಗಳು ಬರಿಯ ಬಿಳಿ ಗೆರೆಗಳಾಗಿದ್ದರೂ ಅಮೆರಿಕದ ರಾಷ್ಟ್ರೀಯ ಸುರಕ್ಷತಾ ಮಂಡಳಿ ಅದನ್ನು ಖಂಡಿಸಿತು. 1982ರಲ್ಲಿ ಅಟಾರಿ 2600 ಯಂತ್ರಕ್ಕೆ ಬಂದ ‘ಕಸ್ಟರ್ಸ್ ರಿವೆಂಜ್’ ಮೂಲನಿವಾಸಿ ಮಹಿಳೆಯ ಮೇಲಿನ ಲೈಂಗಿಕ ದೌರ್ಜನ್ಯವನ್ನೇ ಆಟವಾಗಿಸಿತ್ತು. ಮಹಿಳಾ ಸಂಘಟನೆಗಳೂ ಮೂಲನಿವಾಸಿಗಳ ಸಂಘಟನೆಗಳೂ ಬೀದಿಗಿಳಿದವು.

1993ರ ಡಿಸೆಂಬರ್ 9ರಂದು ಅಮೆರಿಕದ ಸೆನೆಟ್‌ನಲ್ಲಿ ಜೋಸೆಫ್ ಲೀಬರ್ಮನ್ ಮತ್ತು ಹರ್ಬ್ ಕೋಲ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ‘ಮಾರ್ಟಲ್ ಕಾಂಬ್ಯಾಟ್’ ಮತ್ತು ‘ನೈಟ್ ಟ್ರ್ಯಾಪ್’ ಅಲ್ಲಿ ಚರ್ಚೆಗೆ ಬಂದ ಮುಖ್ಯ ಗೇಮ್‌ಗಳು. ಸರ್ಕಾರವೇ ಸೆನ್ಸಾರ್ ಮಂಡಳಿ ರಚಿಸುವ ಮೊದಲು ಉದ್ಯಮ ತಾನಾಗಿಯೇ 1994ರಲ್ಲಿ ಇಎಸ್‌ಆರ್‌ಬಿ ಎಂಬ ವಯೋವರ್ಗೀಕರಣ ಮಂಡಳಿಯನ್ನು ಕಟ್ಟಿತು. ಜಪಾನಿನ ಸೆರೊ 2002ರಲ್ಲಿ, ಯೂರೋಪಿನ ಪೆಗಿ 2003ರಲ್ಲಿ ಬಂದವು. 2011ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ‘ಬ್ರೌನ್ ವಿರುದ್ಧ ಎಂಟರ್‌ಟೇನ್‌ಮೆಂಟ್ ಮರ್ಚೆಂಟ್ಸ್ ಅಸೋಸಿಯೇಷನ್’ ಪ್ರಕರಣದಲ್ಲಿ ಮಕ್ಕಳಿಗೆ ಹಿಂಸಾತ್ಮಕ ಗೇಮ್ ಮಾರುವುದನ್ನು ನಿಷೇಧಿಸಿದ್ದ ಕ್ಯಾಲಿಫೋರ್ನಿಯಾ ಕಾನೂನನ್ನು 7–2ರ ಬಹುಮತದಿಂದ ರದ್ದು ಮಾಡಿತು. ಗೇಮ್‌ಗಳಿಗೂ ಪುಸ್ತಕ, ನಾಟಕ, ಸಿನಿಮಾಗಳಿಗೆ ಇರುವಷ್ಟೇ ಅಭಿವ್ಯಕ್ತಿ ಸ್ವಾತಂತ್ರ್ಯವಿದೆ ಎಂದು ಆ ತೀರ್ಪು ಹೇಳಿತು.

ಹಿಂಸೆಯ ಗೇಮ್ ಆಡಿದವರು ಹಿಂಸೆಗಿಳಿಯುತ್ತಾರೆಯೇ ಎಂಬ ಪ್ರಶ್ನೆಯ ಮೇಲೆ ದಶಕಗಳ ಸಂಶೋಧನೆ ನಡೆದಿದೆ. ಕೂಗಾಟ, ತಳ್ಳಾಟದಂಥ ವರ್ತನೆಯೊಡನೆ ಸಣ್ಣ ಸಂಬಂಧ ಕಂಡುಬಂದರೂ ಗಂಭೀರ ಹಿಂಸಾಚಾರಕ್ಕೆ ಗೇಮ್‌ಗಳೇ ಕಾರಣ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದು ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರ ನಿರ್ಣಯದಲ್ಲಿ ಸ್ಪಷ್ಟಪಡಿಸಿತು. ಗುಂಡಿನ ದಾಳಿ ನಡೆದಾಗಲೆಲ್ಲ ರಾಜಕಾರಣಿಗಳು ಗೇಮ್‌ಗಳತ್ತ ಬೆರಳು ತೋರಿಸುವುದು ಇನ್ನೂ ನಿಂತಿಲ್ಲ. ಅದರಿಂದ ಆಗಿರುವ ನಷ್ಟ ದೊಡ್ಡದು: ಸಾರ್ವಜನಿಕರ ಗಮನ ಅಲ್ಲೇ ಸಿಕ್ಕಿಕೊಂಡಿದ್ದ ವರ್ಷಗಳಲ್ಲಿ ಉದ್ಯಮದ ಹಣಕಾಸಿನ ಬುನಾದಿ ಪೂರ್ತಿ ಬದಲಾಯಿತು.

ನಿರ್ಧಾರ ಯಾರದು

ಒಂದು ಗೇಮ್‌ನೊಳಗಿನ ಖರೀದಿಯ ಬಟನ್ ಎಲ್ಲಿ ಇರಬೇಕು, ಎಷ್ಟು ದೊಡ್ಡದಿರಬೇಕು ಎಂದು ಪರದೆಯ ಮೇಲೆ ಕೂರಿಸುವವನು ಸ್ಟುಡಿಯೊದ ವಿನ್ಯಾಸಕ. ಆದರೆ ಆ ತಿಂಗಳು ಇಷ್ಟು ಆದಾಯ ಬರಬೇಕು ಎಂಬ ಗುರಿ ಪಬ್ಲಿಷರ್‌ನಿಂದ ಬರುತ್ತದೆ. ಪಬ್ಲಿಷರ್‌ಗೆ ಅದು ಷೇರುದಾರರಿಂದ ಬರುತ್ತದೆ. ವಹಿವಾಟಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 30ರಷ್ಟು ಪಾಲು ಪ್ಲಾಟ್‌ಫಾರ್ಮ್‌ಗೆ ಸಲ್ಲುತ್ತದೆ. ಇಂಥ ಸರಪಳಿಯಲ್ಲಿ ತಪ್ಪಿನ ಹೊಣೆ ಹಂಚಿಹೋಗುತ್ತದೆ, ಲಾಭ ಮಾತ್ರ ಮೇಲಕ್ಕೆ ಹರಿಯುತ್ತದೆ. ವೈದ್ಯರಿಗೂ ವಕೀಲರಿಗೂ ಇರುವಂತೆ ಗೇಮ್ ವಿನ್ಯಾಸಕರಿಗೆ ಶಾಸನಬದ್ಧ ಪರವಾನಗಿಯಾಗಲಿ, ವೃತ್ತಿಪರ ಪರಿಷತ್ತಾಗಲಿ ಇಲ್ಲ. 1994ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಗೇಮ್ ಡೆವಲಪರ್‌ಗಳ ಸಂಘ ನೀತಿಸೂತ್ರಗಳನ್ನು ಪ್ರಕಟಿಸಿದೆ. ಅವುಗಳನ್ನು ಮುರಿದವರಿಗೆ ಶಿಕ್ಷೆ ಕೊಡುವ ಅಧಿಕಾರ ಅದಕ್ಕಿಲ್ಲ.

ಹಣ ಗಳಿಕೆಯ ವಿನ್ಯಾಸ

ಒಮ್ಮೆ ಬೆಲೆ ಕೊಟ್ಟು ಡಿಸ್ಕ್ ಕೊಂಡು ಆಡುವ ಪದ್ಧತಿ ನಿಧಾನವಾಗಿ ಹಿಂದೆ ಸರಿದು, ಪುಕ್ಕಟೆಯಾಗಿ ಇಳಿಸಿಕೊಂಡು ಒಳಗೆ ಸ್ವಲ್ಪ ಸ್ವಲ್ಪವೇ ಖರ್ಚು ಮಾಡುವ ಪದ್ಧತಿ ಮುಂದೆ ಬಂತು. 2006ರಲ್ಲಿ ‘ಒಬ್ಲಿವಿಯನ್’ ಗೇಮ್‌ನ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಿದಾಗ ಆಟಗಾರರು ಸಿಟ್ಟಾಗಿದ್ದರು. ಇಂದು ಉಡುಪು, ಆಯುಧ, ಪಾತ್ರಗಳ ಮಾರಾಟವೇ ಅನೇಕ ಗೇಮ್‌ಗಳ ಏಕೈಕ ಆದಾಯ. ಈ ಪದ್ಧತಿಯಲ್ಲಿ ಬಹುತೇಕ ಆಟಗಾರರು ಏನನ್ನೂ ಕೊಳ್ಳುವುದಿಲ್ಲ. ಆದಾಯದ ಬಹುಪಾಲು ಬಹಳ ಕಡಿಮೆ ಮಂದಿಯಿಂದ ಬರುತ್ತದೆ. ಉದ್ಯಮದ ಒಳಮಾತಿನಲ್ಲಿ ಇವರಿಗೆ ‘ವೇಲ್’, ಅಂದರೆ ತಿಮಿಂಗಿಲ ಎಂಬ ಹೆಸರಿದೆ. ಇವರಲ್ಲಿ ಶ್ರೀಮಂತರೆಷ್ಟು, ತಮ್ಮನ್ನು ತಡೆದುಕೊಳ್ಳಲಾರದವರೆಷ್ಟು ಎಂಬುದೇ ಇಲ್ಲಿನ ಮೂಲ ನೈತಿಕ ಪ್ರಶ್ನೆ. ಲೂಟ್ ಬಾಕ್ಸ್‌ಗೆ ಹೆಚ್ಚು ಖರ್ಚು ಮಾಡುವವರಲ್ಲಿ ಜೂಜಿನ ಸಮಸ್ಯೆಯೂ ಹೆಚ್ಚಾಗಿರುತ್ತದೆ ಎಂಬ ಸಂಬಂಧವನ್ನು 2018ರಿಂದೀಚೆಗೆ ಹಲವು ದೇಶಗಳ ಅಧ್ಯಯನಗಳು ಗುರುತಿಸಿವೆ. ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಇತ್ಯರ್ಥವಾಗಿಲ್ಲ.

ಈ ಯಂತ್ರಕ್ರಮ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ 2020ರಲ್ಲಿ ಬಂದ ಚೀನಾ ಮೂಲದ ‘ಗೆನ್‌ಶಿನ್ ಇಂಪ್ಯಾಕ್ಟ್’ ಸ್ಪಷ್ಟ ಉದಾಹರಣೆ. ಪಾತ್ರವೊಂದನ್ನು ಪಡೆಯಲು ಹಣವನ್ನು ನೇರವಾಗಿ ಕೊಡುವಂತಿಲ್ಲ. ಹಣ ಕೊಟ್ಟು ಒಂದು ಬಗೆಯ ಹರಳು ಕೊಳ್ಳಬೇಕು, ಅದನ್ನು ಪ್ರೈಮೊಜೆಮ್ ಎಂಬ ಇನ್ನೊಂದು ಹರಳಾಗಿ ಬದಲಿಸಬೇಕು, ಅಂಥ 160 ಹರಳಿಗೆ ಒಂದು ಚೀಟಿ ಎತ್ತುವ ಅವಕಾಶ ಸಿಗುತ್ತದೆ. ಅತಿ ಚಿಕ್ಕ ಪೊಟ್ಟಣದಲ್ಲಿರುವುದು 60 ಹರಳು. ಮೊದಲ ಖರೀದಿಯ ಕೊಡುಗೆಯನ್ನು ಬಿಟ್ಟರೆ ಒಂದು ಚೀಟಿಗೆ ಮೂರು ಪೊಟ್ಟಣ ಬೇಕು, 20 ಹರಳು ಉಳಿದುಬಿಡುತ್ತವೆ. ಆ ಉಳಿಕೆಯೇ ಮುಂದಿನ ಖರೀದಿಗೆ ನೆಪ. ಅತ್ಯುನ್ನತ ದರ್ಜೆಯ ಪಾತ್ರ ಒಂದು ಚೀಟಿಗೆ ಬರುವ ಮೂಲ ಸಾಧ್ಯತೆ ನೂರಕ್ಕೆ 0.6. ಲೆಕ್ಕ ಹಾಕಿದರೆ ಹತ್ತು ಚೀಟಿ ಎತ್ತಿದ ನೂರು ಮಂದಿಯಲ್ಲಿ ಸುಮಾರು 94 ಮಂದಿಗೆ ಅದು ದಕ್ಕುವುದಿಲ್ಲ. 90ನೆಯ ಚೀಟಿಗೆ ಅಂಥದೊಂದು ಪಾತ್ರ ಖಾತರಿ, ಆದರೆ ಬಯಸಿದ ಪಾತ್ರವೇ ಬರುವ ಖಾತರಿಯಿಲ್ಲ. ಇಷ್ಟು ಮೆಟ್ಟಿಲು ಇಳಿದ ಮೇಲೆ ತಾನು ಖರ್ಚು ಮಾಡಿದ್ದು ಎಷ್ಟು ರೂಪಾಯಿ ಎಂಬ ಅಂದಾಜು ದೊಡ್ಡವರಿಗೂ ಸಿಗದು, ಮಕ್ಕಳ ಮಾತಂತೂ ದೂರ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಇದೇ ಗೊಂದಲದ ನಾಣ್ಯವ್ಯವಸ್ಥೆಯನ್ನು ಎತ್ತಿ ತೋರಿಸಿ, ಕಂಪನಿ 2 ಕೋಟಿ ಡಾಲರ್ ದಂಡ ಕಟ್ಟುವ ಹಾಗೂ ತಂದೆತಾಯಿಯ ಒಪ್ಪಿಗೆಯಿಲ್ಲದೆ 16 ವರ್ಷದೊಳಗಿನವರಿಗೆ ಲೂಟ್ ಬಾಕ್ಸ್ ಮಾರದಿರುವ ಒಪ್ಪಂದಕ್ಕೆ ಬಂತು.

ಸಾಧ್ಯತೆಯನ್ನು ಪ್ರಕಟಿಸುವುದರಲ್ಲೂ ಪ್ರಾಮಾಣಿಕತೆ ಬೇಕಾಗುತ್ತದೆ. ದಕ್ಷಿಣ ಕೊರಿಯಾದ ನೆಕ್ಸಾನ್ ಕಂಪನಿ ‘ಮೇಪಲ್ ಸ್ಟೋರಿ’ ಗೇಮ್‌ನಲ್ಲಿ ಆಯುಧದ ಗುಣಗಳನ್ನು ಬದಲಿಸುವ ‘ಕ್ಯೂಬ್’ ಎಂಬ ವಸ್ತುವನ್ನು 2010ರಿಂದ ಮಾರುತ್ತಿತ್ತು. ಆಟಗಾರರು ಹೆಚ್ಚು ಬಯಸುವ ಗುಣಗಳ ಸಾಧ್ಯತೆಯನ್ನು ಅದು ಸದ್ದಿಲ್ಲದೆ ಇಳಿಸಿತ್ತು; ಕೆಲವು ಜೋಡಣೆಗಳ ಸಾಧ್ಯತೆಯನ್ನು ಸೊನ್ನೆಗೇ ತಂದಿತ್ತು. ಬರಲು ಸಾಧ್ಯವೇ ಇಲ್ಲದ್ದಕ್ಕಾಗಿ ಜನ ವರ್ಷಗಟ್ಟಲೆ ಹಣ ಸುರಿದರು. ಆ ದೇಶದ ವ್ಯಾಪಾರ ಆಯೋಗ 2024ರ ಜನವರಿಯಲ್ಲಿ 1,160 ಕೋಟಿ ವಾನ್ ದಂಡ ಹಾಕಿತು. ಅದೇ ಮಾರ್ಚ್‌ನಿಂದ ಅಲ್ಲಿ ಸಾಧ್ಯತೆಯ ಪ್ರಕಟಣೆ ಕಡ್ಡಾಯವಾಯಿತು. ಚೀನಾದಲ್ಲಿ ಇಂಥ ನಿಯಮ 2017ರಿಂದಲೇ ಇದೆ. ಬಿಡಿ ಬಿಡಿಯಾಗಿ ಗೆದ್ದ ವಸ್ತುಗಳ ಪೂರ್ಣ ಜೋಡಿ ಸೇರಿಸಿದವರಿಗೆ ಬಹುಮಾನ ಕೊಡುವ ‘ಕೊಂಪು ಗಾಚಾ’ವನ್ನು ಜಪಾನ್ 2012ರಲ್ಲೇ ಕಾನೂನುಬಾಹಿರವೆಂದಿತ್ತು.

ಪಾಶ್ಚಾತ್ಯ ದೇಶಗಳಲ್ಲಿ ವಿವಾದ ಸ್ಫೋಟಿಸಿದ್ದು 2017ರ ನವೆಂಬರ್‌ನಲ್ಲಿ. ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ರಲ್ಲಿ, ಪೂರ್ಣ ಬೆಲೆ ಕೊಟ್ಟು ಕೊಂಡವರೂ ಮುಖ್ಯ ಪಾತ್ರಗಳಿಗಾಗಿ ಹತ್ತಾರು ಗಂಟೆ ಆಡಬೇಕಿತ್ತು, ಆಟದಲ್ಲಿ ಮೇಲುಗೈ ಕೊಡುವ ವಸ್ತುಗಳು ಲೂಟ್ ಬಾಕ್ಸ್‌ಗಳಲ್ಲಿದ್ದವು. ವಿರೋಧ ಎಷ್ಟು ತೀವ್ರವಾಗಿತ್ತೆಂದರೆ ಬಿಡುಗಡೆಯ ಹೊತ್ತಿಗೆ ಸಂಸ್ಥೆ ಹಣದ ಖರೀದಿಯನ್ನೇ ತಾತ್ಕಾಲಿಕವಾಗಿ ತೆಗೆದುಹಾಕಿತು. 2018ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಜೂಜು ಆಯೋಗ ಹಣ ಕೊಟ್ಟು ತೆರೆಯುವ ಲೂಟ್ ಬಾಕ್ಸ್ ಜೂಜೇ ಎಂದು ಸಾರಿತು. ನಿಷೇಧ ಕಾಗದದ ಮೇಲಿದ್ದರೂ ಜಾರಿ ಸಡಿಲವಾಗಿತ್ತು: ಅಲ್ಲಿ ಅತಿ ಹೆಚ್ಚು ಗಳಿಸುವ 100 ಐಫೋನ್ ಗೇಮ್‌ಗಳ ಪೈಕಿ 82ರಲ್ಲಿ ಲೂಟ್ ಬಾಕ್ಸ್ ಹಾಗೆಯೇ ಇತ್ತೆಂದು 2022ರ ಅಧ್ಯಯನವೊಂದು ತೋರಿಸಿತು. ನೆದರ್ಲೆಂಡ್ಸ್‌ನಲ್ಲಿ ‘ಫೀಫಾ’ ಗೇಮ್‌ನ ಆಟಗಾರರ ಪೊಟ್ಟಣಗಳಿಗಾಗಿ ಹಾಕಿದ್ದ 1 ಕೋಟಿ ಯೂರೋ ದಂಡವನ್ನು ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ 2022ರಲ್ಲಿ ರದ್ದುಪಡಿಸಿತು. ಪೊಟ್ಟಣ ತೆರೆಯುವುದು ಸ್ವತಂತ್ರ ಆಟವಲ್ಲ, ಕೌಶಲದ ದೊಡ್ಡ ಆಟವೊಂದರ ಭಾಗ ಎಂಬುದು ಅದರ ತರ್ಕ. ಬ್ರಿಟನ್ ಅದೇ ವರ್ಷ ಹೊಸ ಕಾನೂನು ಬೇಡವೆಂದು ಉದ್ಯಮದ ಸ್ವನಿಯಂತ್ರಣಕ್ಕೆ ಬಿಟ್ಟಿತು. ಆಸ್ಟ್ರೇಲಿಯಾ 2024ರ ಸೆಪ್ಟೆಂಬರ್‌ನಿಂದ ಇಂಥ ಗೇಮ್‌ಗಳಿಗೆ 15 ವರ್ಷದೊಳಗಿನವರಿಗೆ ಸೂಕ್ತವಲ್ಲ ಎಂಬ ದರ್ಜೆ ಕೊಡುತ್ತಿದೆ.

ಗೇಮ್‌ಗಳಲ್ಲಿನ ಡಾರ್ಕ್ ಪ್ಯಾಟರ್ನ್ ವಿರುದ್ಧದ ಒಂದು ದೊಡ್ಡ ಕ್ರಮ 2022ರ ಡಿಸೆಂಬರ್‌ನದು. ‘ಫೋರ್ಟ್‌ನೈಟ್’ ತಯಾರಿಸುವ ಎಪಿಕ್ ಗೇಮ್ಸ್ ಫೆಡರಲ್ ಟ್ರೇಡ್ ಕಮಿಷನ್‌ಗೆ ಒಟ್ಟು 52 ಕೋಟಿ ಡಾಲರ್ ಕೊಡಲು ಒಪ್ಪಿತು. ನಿದ್ರಾವಸ್ಥೆಯಲ್ಲಿರುವ ಗೇಮನ್ನು ಎಬ್ಬಿಸಲು ಬಟನ್ ಒತ್ತಿದರೂ, ವಸ್ತುವನ್ನು ಸುಮ್ಮನೆ ನೋಡಲು ಹೋಗಿ ಪಕ್ಕದ ಬಟನ್ ತಾಗಿದರೂ ಹಣ ಕಡಿತವಾಗುತ್ತಿತ್ತು ಎಂಬುದು ಆಯೋಗದ ದೂರು. ಬ್ಯಾಂಕಿನ ಮೂಲಕ ಆಕ್ಷೇಪಿಸಿದವರ ಖಾತೆಗಳನ್ನು ಕಂಪನಿ ಮುಚ್ಚುತ್ತಿತ್ತು, ಅದುವರೆಗೆ ಕೊಂಡದ್ದೆಲ್ಲ ಹೋಗುತ್ತಿತ್ತು. ಒಟ್ಟು ಮೊತ್ತದಲ್ಲಿ 24.5 ಕೋಟಿ ಡಾಲರ್ ಆಟಗಾರರಿಗೆ ಮರುಪಾವತಿಗೆಂದು ಮೀಸಲಾಯಿತು. ಉಳಿದ 27.5 ಕೋಟಿ, 13 ವರ್ಷದೊಳಗಿನ ಮಕ್ಕಳ ಮಾಹಿತಿಯನ್ನು ತಂದೆತಾಯಿಯ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ್ದಕ್ಕೆ ದಂಡ. ಮಕ್ಕಳು ಅಪರಿಚಿತರೊಡನೆ ಮಾತಾಡುವ ಧ್ವನಿ ಸೌಲಭ್ಯವೂ ಅಲ್ಲಿ ತಾನಾಗಿಯೇ ತೆರೆದಿರುತ್ತಿತ್ತು.

ಅತಿಬಳಕೆ

ವಿಶ್ವ ಆರೋಗ್ಯ ಸಂಸ್ಥೆ ‘ಗೇಮಿಂಗ್ ಡಿಸಾರ್ಡರ್’ ಅನ್ನು ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯ 11ನೆಯ ಆವೃತ್ತಿಯಲ್ಲಿ ಸೇರಿಸಿತು. 2019ರ ಮೇ ತಿಂಗಳಲ್ಲಿ ಅಂಗೀಕಾರಗೊಂಡ ಪಟ್ಟಿ 2022ರ ಜನವರಿ 1ರಿಂದ ಜಾರಿಗೆ ಬಂತು. ಆಡುವುದರ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಕೆಟ್ಟ ಪರಿಣಾಮ ಕಂಡರೂ ಮುಂದುವರಿಸುವುದು ಇದರ ಲಕ್ಷಣಗಳು. ಇವು ಸಾಮಾನ್ಯವಾಗಿ 12 ತಿಂಗಳಾದರೂ ಕಂಡುಬಂದಿರಬೇಕು. ಹೆಚ್ಚು ಹೊತ್ತು ಆಡುವುದಷ್ಟೇ ಕಾಯಿಲೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ‘ಶಟ್ ಕ್ಲಿನಿಕ್’ ಎಂಬ ಪ್ರತ್ಯೇಕ ಚಿಕಿತ್ಸಾ ವಿಭಾಗ ತೆರೆದಿತ್ತು.

ದಿನಕ್ಕೊಮ್ಮೆ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ಸರಣಿ ಕಡಿಯುವುದು, ಇಂದು ರಾತ್ರಿಗೇ ಮುಗಿಯುವ ಕೊಡುಗೆ: ಆಟಗಾರನನ್ನು ಹಿಂದಕ್ಕೆ ಕರೆತರಲು ಬಳಕೆಯಲ್ಲಿರುವ ಸಾಮಾನ್ಯ ಉಪಾಯಗಳಿವು. ಚೀನಾ 2021ರ ಆಗಸ್ಟ್‌ನಲ್ಲಿ 18 ವರ್ಷದೊಳಗಿನವರ ಆನ್‌ಲೈನ್ ಆಟವನ್ನು ಶುಕ್ರವಾರ, ಶನಿವಾರ, ಭಾನುವಾರ ಹಾಗೂ ರಜಾದಿನಗಳಲ್ಲಿ ರಾತ್ರಿ 8ರಿಂದ 9ಕ್ಕೆ ಇಳಿಸಿತು. ದಕ್ಷಿಣ ಕೊರಿಯಾ 16 ವರ್ಷದೊಳಗಿನವರಿಗೆ ನಡುರಾತ್ರಿಯಿಂದ ಬೆಳಗಿನ 6ರವರೆಗೆ ಹಾಕಿದ್ದ ನಿರ್ಬಂಧವನ್ನು ಹತ್ತು ವರ್ಷ ನಡೆಸಿ ನೋಡಿ, 2022ರಿಂದ ಕೈಬಿಟ್ಟಿತು. ಎರಡೂ ಕಡೆ ಕಾನೂನು ಹಿಡಿದದ್ದು ಮಗುವಿನ ಗಡಿಯಾರವನ್ನು. ಮೇಲೆ ಹೇಳಿದ ಉಪಾಯಗಳನ್ನು ಅದು ಮುಟ್ಟಲಿಲ್ಲ.

ದುಡಿಮೆ

2004ರ ನವೆಂಬರ್‌ನಲ್ಲಿ ‘ಇಎ ಸ್ಪೌಸ್’ ಎಂಬ ಹೆಸರಿನಲ್ಲಿ ಪ್ರಕಟವಾದ ಬರಹವೊಂದು ಉದ್ಯಮದ ದುಡಿಮೆಯನ್ನು ಮೊದಲ ಬಾರಿಗೆ ಸಾರ್ವಜನಿಕ ಚರ್ಚೆಗೆ ತಂದಿತು. ಬರೆದವರು ಎಲೆಕ್ಟ್ರಾನಿಕ್ ಆರ್ಟ್ಸ್‌ನ ಉದ್ಯೋಗಿಯೊಬ್ಬರನ್ನು ಮದುವೆಯಾಗಲಿದ್ದ ಎರಿನ್ ಹಾಫ್‌ಮನ್. ಬೆಳಗ್ಗೆ 9ರಿಂದ ರಾತ್ರಿ 10ರವರೆಗೆ, ವಾರದ ಏಳೂ ದಿನ ಕೆಲಸ. ಒಳ್ಳೆಯ ನಡತೆಗೆ ಅಪರೂಪಕ್ಕೊಮ್ಮೆ ಶನಿವಾರ ಸಂಜೆ ಆರೂವರೆಗೆ ಬಿಡುಗಡೆ. ಹೆಚ್ಚುವರಿ ಗಂಟೆಗಳಿಗೆ ಸಂಬಳವಿಲ್ಲ. ಬಳಿಕ ಕಲಾವಿದರು ಹೂಡಿದ ಮೊಕದ್ದಮೆಯನ್ನು ಸಂಸ್ಥೆ 1.56 ಕೋಟಿ ಡಾಲರಿಗೆ, ಪ್ರೋಗ್ರಾಮರ್‌ಗಳದನ್ನು 1.49 ಕೋಟಿ ಡಾಲರಿಗೆ ಇತ್ಯರ್ಥ ಮಾಡಿಕೊಂಡಿತು.

ಕ್ರಂಚ್ ನಿಲ್ಲಲಿಲ್ಲ. ಗೇಮ್‌ನ ಬಿಡುಗಡೆಯ ದಿನ ಒಂದೆರಡು ವರ್ಷ ಮೊದಲೇ ಘೋಷಣೆಯಾಗಿ ಜಾಹೀರಾತು ಆರಂಭವಾಗಿರುತ್ತದೆ. ಆದರೆ ಆಟ ಆಡಲು ಚೆನ್ನಾಗಿದೆಯೇ ಎಂಬುದು ಎಲ್ಲ ಭಾಗಗಳೂ ಒಂದುಗೂಡಿದ ಮೇಲಷ್ಟೇ ಗೊತ್ತಾಗುವುದು. ಆಗ ಕಂಡ ದೋಷಗಳಿಗೆ ದಿನಾಂಕ ಮುಂದೂಡುವ ಬದಲು ಕೆಲಸದ ಗಂಟೆ ಹೆಚ್ಚಿಸುವುದು ಅಗ್ಗ, ಏಕೆಂದರೆ ಅನೇಕ ಕಡೆ ಮಾಸಿಕ ಸಂಬಳದವರಿಗೆ ಓವರ್‌ಟೈಮ್ ಕೊಡಬೇಕಿಲ್ಲ. ಕ್ರಂಚ್‌ನ ಬೇರು ಇರುವುದು ಈ ಲೆಕ್ಕದಲ್ಲಿ. ಗೇಮ್ ಮೇಲಿನ ಪ್ರೀತಿಯಿಂದ ಯುವಕರು ಸ್ವಂತ ಇಚ್ಛೆಯಿಂದ ದುಡಿಯುತ್ತಾರೆ ಎಂಬ ವಾದ ಈ ಲೆಕ್ಕವನ್ನು ಮರೆಮಾಡುತ್ತದೆ. ಪೋಲೆಂಡಿನ ಸಿಡಿ ಪ್ರೊಜೆಕ್ಟ್ ಸಂಸ್ಥೆ ‘ಸೈಬರ್‌ಪಂಕ್ 2077’ಕ್ಕಾಗಿ ಕಡ್ಡಾಯ ಕ್ರಂಚ್ ಇರದೆಂದು ಹೇಳಿತ್ತು. 2020ರ ಸೆಪ್ಟೆಂಬರ್‌ನಲ್ಲಿ ವಾರಕ್ಕೆ ಆರು ದಿನ ಕೆಲಸ ಕಡ್ಡಾಯ ಮಾಡಿತು. ಹಾಗಿದ್ದೂ ಡಿಸೆಂಬರ್ 10ರಂದು ಬಂದ ಗೇಮ್ ಹಳೆಯ ಯಂತ್ರಗಳಲ್ಲಿ ಎಷ್ಟು ದೋಷಪೂರಿತವಾಗಿತ್ತೆಂದರೆ ಸೋನಿ ಒಂದೇ ವಾರದಲ್ಲಿ ಅದನ್ನು ತನ್ನ ಅಂಗಡಿಯಿಂದ ತೆಗೆದು ಹಣ ಹಿಂದಿರುಗಿಸಿತು.

ಹೆಸರಿನ ಪಟ್ಟಿಯೂ ನ್ಯಾಯದ ಪ್ರಶ್ನೆಯೇ. ಗೇಮ್‌ನ ಕೊನೆಯಲ್ಲಿ ಬರುವ ಹೆಸರುಗಳೇ ಮುಂದಿನ ಉದ್ಯೋಗಕ್ಕೆ ಆಧಾರ. 2011ರಲ್ಲಿ ಬಂದ ‘ಎಲ್.ಎ. ನುವಾರ್’ ಪಟ್ಟಿಯಿಂದ 100ಕ್ಕೂ ಹೆಚ್ಚು ಮಂದಿಯ ಹೆಸರು ಬಿಟ್ಟುಹೋಗಿತ್ತೆಂದು ಮಾಜಿ ಉದ್ಯೋಗಿಗಳು ಬಹಿರಂಗಪಡಿಸಿದರು.

ಲೈಂಗಿಕ ಕಿರುಕುಳ ಮತ್ತು ತಾರತಮ್ಯದ ಆರೋಪಗಳು 2018ರಿಂದ ದೊಡ್ಡ ಸಂಸ್ಥೆಗಳನ್ನೇ ನ್ಯಾಯಾಲಯಕ್ಕೆ ತಂದವು. ರಯಟ್ ಗೇಮ್ಸ್ 2021ರಲ್ಲಿ 10 ಕೋಟಿ ಡಾಲರಿಗೆ ಇತ್ಯರ್ಥಕ್ಕೆ ಒಪ್ಪಿತು. ಆಕ್ಟಿವಿಷನ್ ಬ್ಲಿಜರ್ಡ್ ಮೇಲೆ ಕ್ಯಾಲಿಫೋರ್ನಿಯಾ ಸರ್ಕಾರ 2021ರ ಜುಲೈನಲ್ಲಿ ಮೊಕದ್ದಮೆ ಹೂಡಿದಾಗ ಉದ್ಯೋಗಿಗಳು ಕೆಲಸ ಬಿಟ್ಟು ಹೊರನಡೆದು ಪ್ರತಿಭಟಿಸಿದರು. ಫ್ರಾನ್ಸ್‌ನಲ್ಲಿ ಯೂಬಿಸಾಫ್ಟ್‌ನ ಮೂವರು ಮಾಜಿ ಹಿರಿಯರಿಗೆ 2025ರ ಜುಲೈನಲ್ಲಿ ಅಮಾನತುಗೊಳಿಸಿದ ಜೈಲುಶಿಕ್ಷೆಯಾಯಿತು. ಇದಕ್ಕೂ ಮೊದಲು, 2014ರ ‘ಗೇಮರ್‌ಗೇಟ್’ ಅಭಿಯಾನದಲ್ಲಿ ಮಹಿಳಾ ಡೆವಲಪರ್‌ಗಳೂ ವಿಮರ್ಶಕಿಯರೂ ಕೊಲೆ ಬೆದರಿಕೆ ಎದುರಿಸಿ ಮನೆ ಬಿಡಬೇಕಾದ ಸ್ಥಿತಿ ಬಂದಿತ್ತು.

2023ರಿಂದ ಸಾಮೂಹಿಕ ಉದ್ಯೋಗ ಕಡಿತ ಹೊಸ ಅಧ್ಯಾಯವಾಗಿದೆ. ಮೈಕ್ರೊಸಾಫ್ಟ್ ಸುಮಾರು 6,900 ಕೋಟಿ ಡಾಲರಿಗೆ ಆಕ್ಟಿವಿಷನ್ ಬ್ಲಿಜರ್ಡನ್ನು ಕೊಂಡು ಮುಗಿಸಿದ್ದು 2023ರ ಅಕ್ಟೋಬರ್‌ನಲ್ಲಿ. ಸುಮಾರು ಮೂರು ತಿಂಗಳಲ್ಲಿ 1,900 ಮಂದಿ ಕೆಲಸ ಕಳೆದುಕೊಂಡರು. ಕಾರ್ಮಿಕ ಸಂಘಗಳು ಬಲಗೊಳ್ಳುತ್ತಿರುವುದು ಇದೇ ಹಿನ್ನೆಲೆಯಲ್ಲಿ. ಈ ಕಡಿತಗಳಿಗೂ ಮೊದಲೇ, 2022ರ ಮೇ ತಿಂಗಳಲ್ಲಿ, ರೇವನ್ ಸಾಫ್ಟ್‌ವೇರ್ ಸ್ಟುಡಿಯೊದ ಪರೀಕ್ಷಕರು ಮತ ಹಾಕಿ ಸಂಘ ಕಟ್ಟಿದ್ದರು. ತಮ್ಮ ಧ್ವನಿಯನ್ನೂ ಚಲನೆಯನ್ನೂ ಕೃತಕ ಬುದ್ಧಿಮತ್ತೆಯಿಂದ ನಕಲು ಮಾಡುವುದರ ವಿರುದ್ಧ ಅಮೆರಿಕದ ನಟರ ಸಂಘ 2024ರ ಜುಲೈ 26ರಿಂದ ಸುಮಾರು 11 ತಿಂಗಳು ಮುಷ್ಕರ ನಡೆಸಿ, ಒಪ್ಪಿಗೆ ಮತ್ತು ಸಂಭಾವನೆಯ ಷರತ್ತುಗಳನ್ನು ಪಡೆಯಿತು. ರಾಕ್‌ಸ್ಟಾರ್ ಗೇಮ್ಸ್ 2025ರ ಕೊನೆಯಲ್ಲಿ ಬ್ರಿಟನ್ ಮತ್ತು ಕೆನಡಾದ 30ಕ್ಕೂ ಹೆಚ್ಚು ಉದ್ಯೋಗಿಗಳನ್ನು ತೆಗೆಯಿತು. ಗೋಪ್ಯ ಮಾಹಿತಿ ಹಂಚಿದ್ದು ಕಾರಣ ಎಂದು ಕಂಪನಿ ಹೇಳಿದರೆ, ಸಂಘ ಕಟ್ಟಲು ಹೊರಟದ್ದೇ ಕಾರಣ ಎಂದು ಕಾರ್ಮಿಕ ಸಂಘ ಹೇಳಿತು.

ಚಿತ್ರಣ

ಯುದ್ಧ, ಧರ್ಮ, ಜನಾಂಗಗಳ ಚಿತ್ರಣದ ಪ್ರಶ್ನೆ ಹಳೆಯದಾದರೂ ಮುಗಿದಿಲ್ಲ. ಇರಾಕಿನ ಫಲೂಜಾ ಕದನವನ್ನು ಆಧರಿಸಿದ ‘ಸಿಕ್ಸ್ ಡೇಸ್ ಇನ್ ಫಲೂಜಾ’ವನ್ನು 2009ರಲ್ಲಿ ಕೊನಾಮಿ ವಿರೋಧಕ್ಕೆ ಮಣಿದು ಕೈಬಿಟ್ಟಿತು, ಬೇರೆ ತಂಡ ಅದನ್ನು 2023ರಲ್ಲಿ ಹೊರತಂದಾಗ ಅದೇ ಆಕ್ಷೇಪ ಮರುಕಳಿಸಿತು. 2008ರಲ್ಲಿ ‘ಫಾಲ್‌ಔಟ್ 3’ ಗೇಮನ್ನು ಸಾಂಸ್ಕೃತಿಕ ಸೂಕ್ಷ್ಮತೆಯ ಕಾರಣ ನೀಡಿ ಮೈಕ್ರೊಸಾಫ್ಟ್ ಭಾರತದಲ್ಲಿ ಬಿಡುಗಡೆ ಮಾಡಲಿಲ್ಲ. ‘ಸ್ಮೈಟ್’ ಗೇಮ್‌ನಲ್ಲಿ ಕಾಳಿಯನ್ನು ಚಿತ್ರಿಸಿದ ರೀತಿಗೆ 2012ರಲ್ಲಿ ಹಿಂದೂ ಸಂಘಟನೆಗಳು ಆಕ್ಷೇಪಿಸಿದವು. ಅಂಗವಿಕಲರು ಆಡುವಂತೆ ಗೇಮ್ ರೂಪಿಸುವುದರಲ್ಲಿ ಮಾತ್ರ ನಿಜವಾದ ಮುನ್ನಡೆಯಾಗಿದೆ: 2018ರಲ್ಲಿ ಮೈಕ್ರೊಸಾಫ್ಟ್ ತಂದ ಹೊಂದಾಣಿಕೆಯ ನಿಯಂತ್ರಕವೂ, 60ಕ್ಕೂ ಹೆಚ್ಚು ಸೌಲಭ್ಯ ಆಯ್ಕೆಗಳಿದ್ದ 2020ರ ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಗೇಮೂ ಇದಕ್ಕೆ ಸಾಕ್ಷಿ.

ಕೊಂಡವರ ಹಕ್ಕು

ಯೂಬಿಸಾಫ್ಟ್ 2014ರಲ್ಲಿ ಮಾರಿದ ‘ದ ಕ್ರೂ’ ಎಂಬ ಕಾರ್ ರೇಸಿಂಗ್ ಗೇಮ್‌ನ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ಮುಚ್ಚಿತು. ಹಣ ಕೊಟ್ಟವರು ಒಬ್ಬರೇ ಕೂತು ಆಡಲೂ ಆಗದಂತಾಯಿತು. ಇದರಿಂದ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಬೇಡಿಕೆಯ ಪತ್ರಕ್ಕೆ ಯೂರೋಪಿಯನ್ ಒಕ್ಕೂಟದಲ್ಲಿ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಕ್ಯಾಲಿಫೋರ್ನಿಯಾದ ಹೊಸ ಕಾನೂನಿನಂತೆ 2025ರಿಂದ ಡಿಜಿಟಲ್ ಅಂಗಡಿಗಳು ತಾವು ಮಾರುತ್ತಿರುವುದು ಬಳಕೆಯ ಪರವಾನಗಿ ಮಾತ್ರ ಎಂದು ತಿಳಿಸಬೇಕು. ಅಮೆರಿಕದಲ್ಲಿ ಬಂದ ಹಳೆಯ ಗೇಮ್‌ಗಳಲ್ಲಿ ನೂರಕ್ಕೆ 87ರಷ್ಟು ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿತು.

ಭಾರತ ಮತ್ತು ಕರ್ನಾಟಕ

ಭಾರತದ ಗೇಮ್ ಉದ್ಯಮ ಬೆಳೆದದ್ದು ಹೊರಗುತ್ತಿಗೆಯ ಕೆಲಸದಿಂದ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ವಿದೇಶಿ ಗೇಮ್‌ಗಳಿಗೆ ಕಲಾಕೆಲಸ ಮಾಡುತ್ತಿತ್ತು. 2019ರಲ್ಲಿ ರಾಕ್‌ಸ್ಟಾರ್ ಅದನ್ನು ಸುಮಾರು 79 ಲಕ್ಷ ಡಾಲರಿಗೆ ಕೊಂಡು ತನ್ನ ಬೆಂಗಳೂರು ಸ್ಟುಡಿಯೊದೊಳಗೆ ಸೇರಿಸಿತು. ಆ್ಯನಿಮೇಷನ್ ಮತ್ತು ಗೇಮಿಂಗ್‌ಗೆ ಪ್ರತ್ಯೇಕ ನೀತಿಯನ್ನು ಕರ್ನಾಟಕ 2012ರಲ್ಲೇ ಪ್ರಕಟಿಸಿತ್ತು. ದುಡಿಮೆಯ ವಿಷಯದಲ್ಲಿ ಸರ್ಕಾರದ ಒಲವು ಮಾಲೀಕರ ಕಡೆಗಿತ್ತು: ಕೆಲಸದ ಷರತ್ತುಗಳನ್ನು ಲಿಖಿತವಾಗಿ ನಿಗದಿ ಮಾಡಬೇಕೆನ್ನುವ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳ ಜೊತೆಗೆ ಆ್ಯನಿಮೇಷನ್, ಗೇಮಿಂಗ್ ಸಂಸ್ಥೆಗಳಿಗೂ 2014ರಲ್ಲಿ ವಿನಾಯಿತಿ ಕೊಟ್ಟು, 2019 ಮತ್ತು 2024ರಲ್ಲಿ ಮುಂದುವರಿಸಿತು. ಕಿರುಕುಳ ತಡೆ ಸಮಿತಿ, ಕುಂದುಕೊರತೆ ಸಮಿತಿ ಇರಬೇಕೆಂಬುದು ಅದರ ಷರತ್ತುಗಳಲ್ಲಿ ಸೇರಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳು ಆ ಹಳೆಯ ಕಾಯ್ದೆಯ ಜಾಗವನ್ನು ತೆಗೆದುಕೊಂಡಿವೆ.

ಆಟಗಾರರ ರಕ್ಷಣೆಯ ಕಾನೂನು ಬೇರೆ ದಾರಿಯಲ್ಲಿ ಬಂತು. ‘ಪಬ್‌ಜಿ ಮೊಬೈಲ್’ ಅನ್ನು 2020ರ ಸೆಪ್ಟೆಂಬರ್‌ನಲ್ಲಿ ನಿರ್ಬಂಧಿಸಿದ್ದು ಮಾಹಿತಿ ಸುರಕ್ಷತೆಯ ಕಾರಣಕ್ಕೆ. ಅದರ ಭಾರತೀಯ ರೂಪವಾದ ಬಿಜಿಎಂಐ 2022ರಲ್ಲಿ ಮತ್ತೆ ತಡೆಗೊಳಗಾಗಿ 2023ರ ಮೇ ತಿಂಗಳಲ್ಲಿ ಮರಳಿದಾಗ, 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆಯ ಮಿತಿ ಹಾಕಿಕೊಂಡಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದು ಮಾಡಿತು. ಕೌಶಲದ ಆಟ ಜೂಜಲ್ಲ ಎಂಬ 1957ರ ಚಮರ್‌ಬಾಗ್‌ವಾಲಾ ತೀರ್ಪಿನ ಪರಂಪರೆಯನ್ನೇ ಅದು ಅನುಸರಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಕೌಶಲ, ಅದೃಷ್ಟ ಎಂಬ ಭೇದವನ್ನು ಬದಿಗಿಟ್ಟು ಎಲ್ಲ ಹಣದ ಆಟಗಳನ್ನೂ ನಿಷೇಧಿಸಿತು. ಇ-ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳನ್ನು ಪ್ರತ್ಯೇಕಿಸಿ ಮಾನ್ಯ ಮಾಡಿತು. ಹಣದ ಆಟ ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಇದರ ವಿರುದ್ಧ ಕರ್ನಾಟಕ ಹೈಕೋರ್ಟ್‌ನಲ್ಲೂ ಬೇರೆಡೆಯೂ ಸಲ್ಲಿಕೆಯಾದ ಅರ್ಜಿಗಳನ್ನು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು. ಲೂಟ್ ಬಾಕ್ಸ್ ಎಂಬುದನ್ನು ಕಾಯ್ದೆ ಹೆಸರಿಸಿ ಹೇಳಿಲ್ಲ. ಗೆದ್ದ ವಸ್ತುವನ್ನು ಹಣಕ್ಕೆ ಬದಲಿಸಲಾಗದ ಪೆಟ್ಟಿಗೆಗಳನ್ನು ಹೇಗೆ ನೋಡಬೇಕು ಎಂಬ ಪ್ರಶ್ನೆ ಹಾಗಾಗಿ ತೆರೆದೇ ಉಳಿದಿದೆ.

ಮಕ್ಕಳ ಮಾಹಿತಿಯ ಬಗ್ಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಅಮೆರಿಕದ ಕಾನೂನಿಗಿಂತ ಬಿಗಿಯಾಗಿದೆ. ಅಲ್ಲಿ 13 ವರ್ಷದೊಳಗಿನವರು ಮಕ್ಕಳು, ಇಲ್ಲಿ 18 ವರ್ಷದೊಳಗಿನವರೆಲ್ಲರೂ. ಮಗುವಿನ ಮಾಹಿತಿ ಬಳಸುವ ಮೊದಲು ಪೋಷಕರ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳಬೇಕು. ಮಕ್ಕಳ ನಡವಳಿಕೆಯನ್ನು ಹಿಂಬಾಲಿಸುವಂತಿಲ್ಲ, ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವಂತಿಲ್ಲ. ಒಪ್ಪಿಗೆಯ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಇಲ್ಲವೇ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಬಳಕೆದಾರರಿಗೆ ಇರಬೇಕೆಂದೂ ಕಾಯ್ದೆ ವಿಧಿಸುತ್ತದೆ. ಬಹುತೇಕ ಜನಪ್ರಿಯ ಗೇಮ್‌ಗಳ ಖರೀದಿಯ ಪುಟವಾಗಲಿ ಒಪ್ಪಿಗೆಯ ಪುಟವಾಗಲಿ ಈಗ ಕನ್ನಡದಲ್ಲಿಲ್ಲ. ಕನ್ನಡ ಮಾತ್ರ ಓದಬಲ್ಲ ತಂದೆತಾಯಿ ಮಗುವಿನ ಫೋನಿನಲ್ಲಿ ಯಾವುದಕ್ಕೆ ಒಪ್ಪಿಗೆ ಕೊಡುತ್ತಿದ್ದೇವೆಂದು ತಿಳಿಯದೆಯೇ ಬಟನ್ ಒತ್ತಬೇಕಾಗಿದೆ. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಕರ್ತವ್ಯಗಳು ಅಲ್ಲಿಂದ 18 ತಿಂಗಳ ಬಳಿಕ, 2027ರಲ್ಲಿ, ಕಂಪನಿಗಳ ಮೇಲೆ ಕಡ್ಡಾಯವಾಗುತ್ತವೆ.